ದಿನ, ಗಂಟೆ ಹೇಳಿದ್ದರೆ ಮಾತ್ರ ಹೋಗಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಿಮ್ಮ ಪಕ್ಕದ ಮನೆಯಾಕೆ "ಒಂದು ದಿನ ಊಟಕ್ಕೆ ಬರಲೇಬೇಕು" ಎಂದು ಹೇಳಿ ಎರಡು ತಿಂಗಳಾದರೂ ಕರೆದಿಲ್ಲ, ನಾವೇ ಹೋಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹೋಗಬೇಡಿ. ಅದು ಬರಿಯ ಸೌಜನ್ಯ. ನಾವೂ ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ "ಮನೆ ಕಡೆ ಬನ್ನಿ" ಎನ್ನುವುದಿಲ್ಲವೇ? ಆದರೆ ನಮ್ಮಲ್ಲಿ ಯಾರಾದರೂ ನಿಜವಾಗಿ ಬಂದೇ ಬಿಟ್ಟರೆ ಅನ್ನದ ಪಾತ್ರೆಗೆ ಇನ್ನೊಂದು ಪಾವು ಅಕ್ಕಿ ಬೀಳುತ್ತದೆ. ಅಲ್ಲಿ ಹೇಳದೆ ಬಾಗಿಲು ತಟ್ಟಿದರೆ ಇಬ್ಬರಿಗೂ ಮುಜುಗರ.

ದಿನ, ಗಂಟೆ ನಿಗದಿಯಾದರೆ ಅದು ನಿಜವಾದ ಕರೆ. ನೀವು ಸಸ್ಯಾಹಾರಿಯಾಗಿದ್ದರೆ ಒಪ್ಪಿಕೊಳ್ಳುವಾಗಲೇ ತಿಳಿಸಿ. ಊಟದ ಮೇಜಿನಲ್ಲಿ ಹೇಳಿದರೆ ನಗುತ್ತಲೇ "ಪರವಾಗಿಲ್ಲ" ಎನ್ನುತ್ತಾರೆ, ಒಳಗೊಳಗೇ ಪೇಚಾಡುತ್ತಾರೆ. 7.30 ಎಂದಿದ್ದರೆ ಹತ್ತು ನಿಮಿಷ ತಡವಾದರೂ ಸರಿ, ಹತ್ತು ನಿಮಿಷ ಮೊದಲೇ ಹೋಗುವುದು ಬೇಡ. ಹೂವೋ ಚಾಕೊಲೇಟೋ ಒಯ್ಯಿರಿ, ಮರುದಿನ ಧನ್ಯವಾದದ ಸಂದೇಶ ಕಳುಹಿಸಿ.

ಕಾಯುವುದಕ್ಕಿಂತ ನೀವೇ ಕರೆಯುವುದು ವಾಸಿ. "ಶನಿವಾರ ನಾಲ್ಕು ಗಂಟೆಗೆ ಚಹಾ ಕುಡಿಯಲು ಬರುತ್ತೀರಾ?" ಎಂದು ಕೇಳಿ. ಆಗುವುದಿಲ್ಲವೆಂದು ಆಕೆಯೇ ಬೇರೊಂದು ದಿನ ಸೂಚಿಸಿದರೆ ಒಳ್ಳೆಯ ಲಕ್ಷಣ. "ನೋಡಿ ಹೇಳುತ್ತೇನೆ" ಎಂದು ಸುಮ್ಮನಾದರೆ ಮತ್ತೆ ಒತ್ತಾಯಿಸಬೇಡಿ.