ಶೇಷ ಉಳಿಯುವ ಭಾಗಾಕಾರ ನಾಲ್ಕನೇ ತರಗತಿಯ ಮಗಳ ತಲೆಗೆ ಹತ್ತುತ್ತಿಲ್ಲ. ದಿನಕ್ಕೆ ಎಷ್ಟು ಲೆಕ್ಕ ಮಾಡಿಸಬೇಕು?

ಮಗ್ಗಿ ಬಾಯಿಪಾಠವಿದ್ದರೂ 25ನ್ನು 4ರಿಂದ ಭಾಗಿಸಿ ‘5 ಬಂತು, 5 ಉಳಿಯಿತು’ ಎನ್ನುತ್ತಾಳೆ ಎಂದು ಬರೆದಿದ್ದೀರಿ. ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ರಗಳೆ. ನಾನು ಮಗನನ್ನು ಕೂರಿಸಿಕೊಂಡು ದಿನಕ್ಕೆ ಇಪ್ಪತ್ತು ಲೆಕ್ಕ ಮಾಡಿಸಿದೆ. ಸಾಲದ್ದಕ್ಕೆ ಒಂದು ಸುಲಭೋಪಾಯವನ್ನೂ ಹೇಳಿಕೊಟ್ಟೆ: ಭಾಜ್ಯ, ಭಾಜಕ ಎರಡರ ಕೊನೆಯಲ್ಲೂ ಸೊನ್ನೆ ಇದ್ದರೆ ಎರಡನ್ನೂ ಹೊಡೆದುಹಾಕು.

ಪರೀಕ್ಷೆಯಲ್ಲಿ ಪ್ರಶ್ನೆ ಬಂತು. ಒಂದು ಪುಸ್ತಕಕ್ಕೆ 40 ರೂಪಾಯಿ. 250 ರೂಪಾಯಿಗೆ ಎಷ್ಟು ಪುಸ್ತಕ, ಉಳಿಯುವ ಹಣವೆಷ್ಟು? ಮಗ ಸೊನ್ನೆಗಳನ್ನು ಹೊಡೆದ, 25ನ್ನು 4ರಿಂದ ಭಾಗಿಸಿದ, ‘6 ಪುಸ್ತಕ, 1 ರೂಪಾಯಿ’ ಎಂದು ಬರೆದ. ಅಂಕ ಹೋಯಿತು. ನಾನು ಉತ್ತರ ಪತ್ರಿಕೆ ಹಿಡಿದು ಶಾಲೆಗೇ ಹೋದೆ. ಸೊನ್ನೆ ಹೊಡೆದರೆ ಉತ್ತರ ಬದಲಾಗುವುದಿಲ್ಲ ಎಂದು ಮಗನ ಎದುರೇ ವಾದಿಸಿದೆ. ಟೀಚರ್ ನನಗೆ ಉತ್ತರ ಕೊಡಲಿಲ್ಲ. ಮಗನನ್ನು ಕೇಳಿದರು: ‘ಆರು ಪುಸ್ತಕಕ್ಕೆ ಎಷ್ಟಾಯಿತಪ್ಪಾ?’ ‘240.’ ‘ನೀನು 250 ಕೊಟ್ಟರೆ ಅಂಗಡಿಯವರು ಎಷ್ಟು ವಾಪಸ್ ಕೊಡುತ್ತಾರೆ?’ ಅವನು ನನ್ನ ಮುಖ ನೋಡಿಕೊಂಡು ಮೆಲ್ಲಗೆ ‘ಹತ್ತು’ ಎಂದ.

ಆಮೇಲೆ ಈ ತಪ್ಪಿನ ಬಗ್ಗೆ ವಾರಗಟ್ಟಲೆ ಯೋಚಿಸಿದ್ದೇನೆ. ಸೊನ್ನೆ ಹೊಡೆಯುವುದೆಂದರೆ 250 ರೂಪಾಯಿಯನ್ನು ಹತ್ತರ 25 ನೋಟುಗಳಾಗಿ ಬದಲಿಸಿಕೊಂಡಂತೆ. ಒಂದು ಪುಸ್ತಕಕ್ಕೆ 4 ನೋಟು. 6 ಪುಸ್ತಕ ಬಂದು ಒಂದು ನೋಟು ಉಳಿಯುತ್ತದೆ. ಆ ಒಂದು, ಹತ್ತರ ಒಂದು! ಭಾಗಲಬ್ಧ ಬದಲಾಗುವುದಿಲ್ಲ, ನಿಜ. ಶೇಷ ಮಾತ್ರ ಹತ್ತು ಪಟ್ಟು ಕುಗ್ಗಿಬಿಡುತ್ತದೆ. ಎರಡು ಸೊನ್ನೆ ಹೊಡೆದರೆ ನೂರು ಪಟ್ಟು. ಶೇಷ ಎಂದರೆ ಎಣಿಸಬಹುದಾದ ವಸ್ತು ಎಂಬುದನ್ನು ನಾನೇ ಮರೆತು, ಅದನ್ನು ಉತ್ತರದ ಬಾಲದಂತೆ ಕಲಿಸಿದ್ದೆ. (ಮಗ ಮೊದಲ ದಿನವೇ ‘ಶೇಷ ಅಂದರೆ ಹಾವಾ?’ ಎಂದು ಕೇಳಿದ್ದ. ಗದರಿ ಕೂರಿಸಿದ್ದೆ. ಆದಿಶೇಷನ ಹೆಸರಿಗೂ ಉಳಿದವನು ಎಂದೇ ಅರ್ಥ. ಅಲ್ಲಿಂದಲೇ ಶುರು ಮಾಡಬಹುದಿತ್ತು.)

ಆದ್ದರಿಂದ ‘ಎಷ್ಟು ಲೆಕ್ಕ’ ಎಂಬ ಪ್ರಶ್ನೆಯೇ ಸರಿಯಿಲ್ಲ. ನಿಮ್ಮ ಮಗಳು ಹೇಳಿದ್ದೂ ಪೂರ್ತಿ ತಪ್ಪಲ್ಲ, ಅರ್ಧಕ್ಕೆ ನಿಂತ ಹಂಚಿಕೆ ಅಷ್ಟೆ. 25 ಹುಣಸೆ ಬೀಜ ಕೊಟ್ಟು ನಾಲ್ಕು ತಟ್ಟೆಗೆ ಸಮನಾಗಿ ಹಂಚಲು ಹೇಳಿ. ಕೈಯಲ್ಲಿ ಐದು ಉಳಿದಾಗ ತಟ್ಟೆಗೆ ಇನ್ನೊಂದೊಂದು ಹಾಕಬಹುದೆಂದು ಅವಳಿಗೇ ಕಾಣುತ್ತದೆ. ಶೇಷ ಭಾಜಕಕ್ಕಿಂತ ಚಿಕ್ಕದಿರಬೇಕೆಂಬ ನಿಯಮವನ್ನು ಆಮೇಲೆ ಹೇಳಿದರಾಯಿತು. ಬಳಿಕ ಪ್ರಶ್ನೆ ಬದಲಿಸಿ: 25 ಮಕ್ಕಳು, ಒಂದು ಬೆಂಚಿಗೆ ನಾಲ್ವರು, ಎಷ್ಟು ಬೆಂಚು ಬೇಕು? ಆರು ಎಂದರೆ ಒಬ್ಬ ನಿಂತಿರುತ್ತಾನೆ. ದಿನಕ್ಕೆ ಇಂಥದ್ದು ಒಂದೇ ಸಾಕು. ಅಭ್ಯಾಸ ಪುಸ್ತಕ, ಆ್ಯಪ್‌ಗಳ ಬಗ್ಗೆಯೂ ಕೇಳಿದ್ದೀರಿ. ನನಗೆ ಅವುಗಳಲ್ಲಿ ನಂಬಿಕೆಯಿಲ್ಲ.

ಸುಲಭೋಪಾಯವನ್ನಂತೂ ಹೇಳಿಕೊಡಬೇಡಿ. ನನ್ನ ಮಗ ಈಗ ಏಳನೇ ತರಗತಿ. ಲೆಕ್ಕದಲ್ಲಿ ಅನುಮಾನ ಬಂದರೆ ಇಂದಿಗೂ ನನ್ನನ್ನು ದಾಟಿಕೊಂಡು ಅಡುಗೆಮನೆಗೆ, ಅವನ ಅಮ್ಮನ ಬಳಿಗೇ ಹೋಗುತ್ತಾನೆ.