ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ದೊಡ್ಡ ಕಡತಗಳ ಮುನ್ನೋಟ ಚಿತ್ರ

ಪ್ರಶ್ನೆ: ನಮ್ಮ ಬಳಗವು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಇರಿಸುತ್ತಿದೆ. ಕೆಲವು ಪಿಡಿಎಫ್ ಕಡತಗಳಲ್ಲಿ 600 ಪುಟಗಳವರೆಗೂ ಇರುತ್ತವೆ. ಅಪ್‌ಲೋಡ್ ಆದೊಡನೆ ಚಿತ್ರಗಳನ್ನು ಪರಿವರ್ತಿಸುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ ಮೂಲಕ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆಗಳು) ಚಿತ್ರ ತೆಗೆದು, ಅದನ್ನು ಕಿರಿದಾಗಿಸಿ ಮುನ್ನೋಟವಾಗಿ ತೋರಿಸುತ್ತೇವೆ. ದೊಡ್ಡ ಕಡತ ಬಂದಾಗಲೆಲ್ಲ ಸರ್ವರ್ ನಿಂತುಹೋಗುತ್ತದೆ. ಹೆಚ್ಚು ಮೆಮೊರಿಯ ಸರ್ವರ್ ಪಡೆಯಬೇಕೆ?
– ಓದುಗರೊಬ್ಬರು, ಚಾಮರಾಜಪೇಟೆ, ಬೆಂಗಳೂರು

ಉತ್ತರ: ಅದಕ್ಕೆ ಹಣ ಹಾಕುವ ಮೊದಲು ಸರ್ವರ್ ಏನು ಮಾಡುತ್ತಿದೆ ಎಂಬುದನ್ನು ನೋಡಿ. ಕಡತದ ಹೆಸರಿನ ಕೊನೆಗೆ ಚೌಕ ಆವರಣದಲ್ಲಿ ಪುಟದ ಸಂಖ್ಯೆಯನ್ನು (ಮೊದಲ ಪುಟಕ್ಕೆ 0) ಸೂಚಿಸದಿದ್ದರೆ ಇಮೇಜ್‌ಮ್ಯಾಜಿಕ್ ಎಲ್ಲ ಪುಟಗಳನ್ನೂ ಚಿತ್ರವಾಗಿಸಲು ಹೊರಡುತ್ತದೆ. ಎ4 ಅಳತೆಯ ಒಂದು ಪುಟ 300 ಡಿಪಿಐನಲ್ಲಿ 2480 × 3508 ಪಿಕ್ಸೆಲ್‌ಗಳಾಗುತ್ತದೆ. ಪಿಕ್ಸೆಲ್‌ಗೆ 4 ಬೈಟ್ ಎಂದು ಹಿಡಿದರೂ ಪುಟವೊಂದಕ್ಕೆ ಸುಮಾರು 35 ಎಂಬಿ, 600 ಪುಟಗಳಿಗೆ 20 ಜಿಬಿಗೂ ಹೆಚ್ಚು ಬೇಕಾಗುತ್ತದೆ. ನಿಮಗೆ ಬೇಕಿರುವುದು ಬೆರಳೆಣಿಕೆಯ ಕೆಬಿಗಳ ಒಂದೇ ಚಿತ್ರ.

ಯಾವ ಭಾಗ ಕಡತದಲ್ಲಿ ಎಲ್ಲಿದೆ ಎಂಬ ಪಟ್ಟಿ ಪಿಡಿಎಫ್‌ನಲ್ಲಿಯೇ ಇರುವುದರಿಂದ, ಉಳಿದ ಪುಟಗಳನ್ನು ಮುಟ್ಟದೆ ಬೇಕಾದ ಪುಟಕ್ಕೆ ನೇರವಾಗಿ ಹೋಗಬಹುದು. ಪಿಡಿಎಫ್ ಓದುವ ಪಾಪ್ಲರ್ ತಂತ್ರಾಂಶದ ಜೊತೆಗೆ ಬರುವ, ಪುಟಗಳನ್ನು ಚಿತ್ರವಾಗಿಸುವ ಪಿಡಿಎಫ್‌ಟುಪಿಪಿಎಂ ಸಾಧನಕ್ಕೆ ಮೊದಲ ಪುಟ, ಕೊನೆಯ ಪುಟ ಎರಡಕ್ಕೂ ಒಂದೇ ಸಂಖ್ಯೆಯನ್ನು ಕೊಟ್ಟು, ಅಗತ್ಯವಾದ ಅಳತೆಯನ್ನೂ ಆಗಲೇ ತಿಳಿಸಿದರೆ ಅದು ಆ ಒಂದು ಪುಟವನ್ನು ಕಿರಿದಾಗಿಯೇ ಬಿಡಿಸುತ್ತದೆ. ಪುಟದ ಸಂಖ್ಯೆಯನ್ನು ಮಾತ್ರ ಅಪ್‌ಲೋಡ್ ಮಾಡುವವರ ಆಯ್ಕೆಗೆ ಬಿಡಿ. ಹಳೆಯ ಪುಸ್ತಕಗಳ ಸ್ಕ್ಯಾನ್‌ನಲ್ಲಿ ಮೊದಲ ಪುಟವೆಂದರೆ ಎಷ್ಟೋ ಸಲ ಬರಿಯ ರಟ್ಟು ಅಥವಾ ಗ್ರಂಥಾಲಯದ ಮುದ್ರೆಯಷ್ಟೇ ಇರುವ ಖಾಲಿ ಹಾಳೆ. ಓದುಗರಿಗೆ ಪುಸ್ತಕದ ಗುರುತು ಸಿಗುವುದು ಶೀರ್ಷಿಕೆಯ ಪುಟದಲ್ಲಿ.

ಇಷ್ಟಾದರೂ ಈ ಕೆಲಸವನ್ನು ಅಪ್‌ಲೋಡ್‌ನ ಕೋರಿಕೆಯೊಳಗೇ, ಅಂದರೆ ಬಳಕೆದಾರರನ್ನು ಕಾಯಿಸಿಕೊಂಡು, ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಡತವನ್ನು ಉಳಿಸಿಕೊಂಡು ಬಳಕೆದಾರರಿಗೆ ಒಡನೆಯೇ ಉತ್ತರಿಸಿ, ಚಿತ್ರದ ಕೆಲಸವನ್ನು ಸರತಿಗೆ ಸೇರಿಸಿ, ಹಿನ್ನೆಲೆಯಲ್ಲಿ ಒಂದೆರಡನ್ನು ಮಾತ್ರ ಏಕಕಾಲಕ್ಕೆ ನಡೆಸಿ. ಪ್ರತಿಯೊಂದಕ್ಕೂ ಸಮಯದ ಹಾಗೂ ಮೆಮೊರಿಯ ಮಿತಿಯಿರಲಿ. ಹೊರಗಿನವರು ಕಳುಹಿಸುವ ಕಡತವನ್ನು ತೆರೆಯುವ ಪ್ರಕ್ರಿಯೆಗೆ ನಿಮ್ಮ ಡೇಟಾಬೇಸ್ ತಲುಪುವ ಅನುಮತಿಯೂ ಇರಬಾರದು, ಏಕೆಂದರೆ ಪಿಡಿಎಫ್ ತೆರೆಯಲು ಇಮೇಜ್‌ಮ್ಯಾಜಿಕ್ ಬಳಸುವ ಗೋಸ್ಟ್‌ಸ್ಕ್ರಿಪ್ಟ್‌ನಂಥ ಸಾಧನಗಳಲ್ಲಿ ಗಂಭೀರವಾದ ಭದ್ರತಾ ದೋಷಗಳು ಹಲವು ಬಾರಿ ಕಂಡುಬಂದಿವೆ. ಸಿದ್ಧವಾದ ಚಿತ್ರಕ್ಕೆ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತದ ಒಳಗಿನದನ್ನು ಲೆಕ್ಕಹಾಕಿ ಪಡೆಯುವ ಗುರುತು) ಪುಟದ ಸಂಖ್ಯೆಯನ್ನೂ ಸೇರಿಸಿ ಹೆಸರಿಟ್ಟರೆ, ಅದೇ ಪುಸ್ತಕ ಮತ್ತೆ ಬಂದಾಗ ಕೆಲಸ ಮರುಕಳಿಸುವುದಿಲ್ಲ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ವರ್ಡ್ ಕಡತಗಳು ಕಚೇರಿಯ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತವೆ. ಜಾಲತಾಣದ ಮುನ್ನೋಟದಲ್ಲಿ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಏಕೆ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಪ್ರತಿ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ತಂತ್ರಾಂಶಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಮುನ್ನೋಟಕ್ಕಾಗಿ ಸರ್ವರ್‌ನಲ್ಲಿ ಲಿಬ್ರೆಆಫೀಸ್‌ನಂಥ ಕಚೇರಿ ತಂತ್ರಾಂಶ ನಿಮ್ಮ ವರ್ಡ್ ಕಡತವನ್ನು ಪಿಡಿಎಫ್ ಮಾಡುವಾಗ ಆ ಫಾಂಟ್ ಅಲ್ಲಿ ಇಲ್ಲದಿದ್ದರೆ, ಅದು ಬೇರೊಂದು ಫಾಂಟ್ ಬಳಸುತ್ತದೆ. ಆಗ ಅಡಿಯಲ್ಲಿದ್ದ ಇಂಗ್ಲಿಷ್ ಅಕ್ಷರಗಳೇ ಹೊರಬರುತ್ತವೆ. ಯೂನಿಕೋಡ್ ಕಡತಗಳಾದರೆ ನೋಟೋ ಸಾನ್ಸ್ ಕನ್ನಡದಂಥ ಯಾವುದೇ ಫಾಂಟ್ ಸಾಕು, ಅದೂ ಇಲ್ಲದಿದ್ದರೆ ಖಾಲಿ ಚೌಕಗಳು ಕಾಣುತ್ತವೆ. ಹಳೆಯ ಕಡತಗಳಿಗಾದರೋ ಅವುಗಳಲ್ಲಿ ಬಳಸಿದ ಫಾಂಟ್‌ಗಳನ್ನೇ ಸರ್ವರ್‌ಗೆ ಸೇರಿಸಬೇಕು, ಇಲ್ಲವೇ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಎರಡನೆಯದು ಹೆಚ್ಚು ಶ್ರಮದ ದಾರಿಯಾದರೂ ಪಠ್ಯದೊಳಗೆ ಹುಡುಕಾಟವೂ ಸಾಧ್ಯವಾಗುವುದರಿಂದ ನಾನು ಅದನ್ನೇ ಸೂಚಿಸುತ್ತೇನೆ. ಫಾಂಟ್ ಸೇರಿಸಿದ ಮೇಲೆ ಹಳೆಯ ಮುನ್ನೋಟ ಚಿತ್ರಗಳನ್ನು ಅಳಿಸಿ ಹೊಸದಾಗಿ ತಯಾರಿಸಿ. ಮೂಲ ಕಡತ ಬದಲಾಗದ ಕಾರಣ ಅವು ತಾವಾಗಿಯೇ ಸರಿಹೋಗುವುದಿಲ್ಲ.