ವಿಲ್ಕೋ ಮೆತ್ತಗಾದ್ರಾ? (ಸಂಪಾದಕರ ಉತ್ತರ)

ನಮಸ್ಕಾರ. ಹೋದ ಸಂಚಿಕೆಯಲ್ಲಿ ಅಮೆರಿಕದ ರಾಕ್ ಬ್ಯಾಂಡ್ ವಿಲ್ಕೋ ಬಗ್ಗೆ ಬಂದ ಲೇಖನಕ್ಕೆ ನಾಲ್ಕು ಪುಟ ಬೈದು ಬರೆದಿದ್ದೀರಿ, ಪೂರ್ತಿ ಓದ್ದೆ, ಎರಡು ಸಲ ಓದ್ದೆ. ನಿಮ್ಮ ತಕರಾರು ಇಷ್ಟು: ವಾರ್ನರ್‌ನಂಥ ದೊಡ್ಡ ಕಂಪನಿ ದುಡ್ಡಲ್ಲಿ ಆಲ್ಬಂ ಮಾಡಿದವ್ರು ಇಂಡೀ (ದೊಡ್ಡ ಕಂಪನಿಯ ಹಂಗಿಲ್ಲದ ಸ್ವತಂತ್ರ ಬ್ಯಾಂಡ್) ಹೇಗಾಗ್ತಾರೆ, ಮತ್ತೆ 2002ರ 'ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್' ಆದ್ಮೇಲೆ ಮೆತ್ತಗಾಗಿ ಸಂಸಾರಸ್ಥರ ಮ್ಯೂಸಿಕ್ ಮಾಡ್ಕೊಂಡು ಕೂತವ್ರನ್ನ 'ಬೆಳೆದರು' ಅಂತ ನಾವು ಹೊಗಳಿದ್ದು ಯಾಕೆ.

ಮೊದಲನೇದಕ್ಕೆ ನಾನೇನೂ ಜಗಳ ಆಡಲ್ಲ. ಇಂಡೀ ಅನ್ನೋ ಪದ ಕಂಪನಿ ಲೆಕ್ಕದಿಂದ ಶುರುವಾಗಿ ಆಮೇಲೆ ಒಂದು ಥರದ ಸೌಂಡಿಗೆ ಅಂಟ್ಕೊಂಡ್ಬಿಡ್ತು. ಲೆಕ್ಕದ ಪ್ರಕಾರ ನೋಡಿದ್ರೆ ವಿಲ್ಕೋ ನಿಜವಾಗಿ ಇಂಡೀ ಆಗಿದ್ದು 2011ರಲ್ಲಿ, ಡಿಬಿಪಿಎಂ ಅಂತ ಸ್ವಂತ ಲೇಬಲ್ (ರೆಕಾರ್ಡ್ ಕಂಪನಿ) ಮಾಡ್ಕೊಂಡಾಗ, ಅಂದ್ರೆ ನೀವು ಅವ್ರನ್ನ ಕೇಳೋದು ಬಿಟ್ಟ ಮೇಲೆ!

ಎರಡನೇದು ಸ್ವಲ್ಪ ಉದ್ದ ಆಗುತ್ತೆ, ಕೂತ್ಕೊಂಡು ಓದಿ. ಇಲಿನಾಯ್‌ನ ಬೆಲ್‌ವಿಲ್ ಅನ್ನೋ ಊರಿನ ಜೆಫ್ ಟ್ವೀಡಿ ಮತ್ತೆ ಜೇ ಫರಾರ್ ಇಬ್ರೂ ಅಂಕಲ್ ಟುಪೆಲೋ ಬ್ಯಾಂಡ್ ನಡೆಸ್ತಿದ್ರು, ಅಮೆರಿಕದ ಹಳ್ಳಿಗಾಡಿನ ಹಳೇ ಕಂಟ್ರಿ ಹಾಡು ಮತ್ತೆ ಅಬ್ಬರದ ಪಂಕ್ ರಾಕ್ ಎರಡನ್ನೂ ಕಲಸಿ ನಾಲ್ಕು ಆಲ್ಬಂ ಮಾಡಿದ್ರು, 1994ರಲ್ಲಿ ಫರಾರ್ ಎದ್ದು ಹೋದ, ಉಳಿದವ್ರೆಲ್ಲ ಸೇರಿ ವಿಲ್ಕೋ ಅಂತ ಹೆಸರಿಟ್ಕೊಂಡ್ರು. 1995ರ ಮೊದಲ ಆಲ್ಬಂ 'ಎ.ಎಂ.' ಸುಮಾರು, ಅದೇ ವರ್ಷ ಫರಾರ್‌ನ ಹೊಸ ಬ್ಯಾಂಡ್ ಸನ್ ವೋಲ್ಟ್ ಆಲ್ಬಂಗೇ ಹೆಚ್ಚು ಮರ್ಯಾದೆ ಸಿಕ್ತು. ಆವತ್ತು ಬೆಟ್ ಕಟ್ಟು ಅಂದಿದ್ರೆ ನಾನೂ ಫರಾರ್ ಮೇಲೇ ಕಟ್ತಿದ್ದೆ ಅನ್ಸುತ್ತೆ.

ಆಮೇಲೆ ಜೇ ಬೆನೆಟ್ ಬಂದ. ಗಿಟಾರು, ಪಿಯಾನೋ, ಆರ್ಗನ್, ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸೋ ಮನುಷ್ಯ. 1996ರಲ್ಲಿ 'ಬೀಯಿಂಗ್ ದೇರ್' ಡಬಲ್ ಆಲ್ಬಂ ಆಯ್ತು, ಎರಡು ಸಿಡಿಯನ್ನ ಒಂದರ ರೇಟಿಗೇ ಮಾರಬೇಕು ಅಂತ ಬ್ಯಾಂಡಿನವ್ರು ತಮ್ಮ ರಾಯಲ್ಟಿಯನ್ನೇ ಕಮ್ಮಿ ಮಾಡ್ಕೊಂಡ್ರು. 1999ರ 'ಸಮ್ಮರ್‌ಟೀತ್' ಹೊತ್ತಿಗೆ ಕಂಟ್ರಿ ಹೆಚ್ಚುಕಮ್ಮಿ ಮಾಯ, ಬೆನೆಟ್ ಮತ್ತೆ ಟ್ವೀಡಿ ಸ್ಟುಡಿಯೋದಲ್ಲಿ ಪದರದ ಮೇಲೆ ಪದರ ಕೀಬೋರ್ಡ್ ಹಾಕಿ ಬಿಸಿಲಿನಂಥ ಟ್ಯೂನಿನ ಕೆಳಗೆ ಕತ್ತಲೆಯ ಮಾತು ಬಚ್ಚಿಟ್ರು.

ಇಲ್ಲೇ ನೋಡಿ ನನ್ನ ಪಾಯಿಂಟು. ಈ ಬ್ಯಾಂಡು ಬದಲಾಗಿದ್ದು ಯಾವುದೋ ಸ್ಟೈಲ್ ಹುಡ್ಕೊಂಡು ಹೋಗಿ ಅಲ್ಲ, ರೂಮಲ್ಲಿ ಕೂತಿರೋ ಜನ ಬದಲಾದಾಗ. 2001ರಲ್ಲಿ ಡ್ರಮ್ಮರ್ ಕೆನ್ ಕೂಮರ್‌ನ ತೆಗೆದು ಗ್ಲೆನ್ ಕಾಚೆಯನ್ನ ತಂದ್ರು, ಅವನು ಬೀಟ್ ಹಿಡಿಯೋದರ ಜೊತೆಗೆ ಸಿಕ್ಕಸಿಕ್ಕ ಲೋಹದ ಚೂರನ್ನೂ ಬಾರಿಸ್ತಿದ್ದ. ರೆಕಾರ್ಡಾದ ಸದ್ದುಗಳನ್ನ ಹದವಾಗಿ ಬೆರೆಸೋ ಮಿಕ್ಸಿಂಗಿಗೆ ಜಿಮ್ ಒರೂರ್ಕ್ ಬಂದು ಬೆನೆಟ್ ಕಟ್ಟಿದ ಪದರಗಳನ್ನ ಒಂದೊಂದಾಗಿ ಕಿತ್ತು ಖಾಲಿ ಜಾಗ ಮಾಡಿದ, ಆ ಖಾಲಿ ಜಾಗವೇ 'ಫಾಕ್ಸ್‌ಟ್ರಾಟ್' ಆಗಿದ್ದು. ರಿಪ್ರೈಸ್ ಕಂಪನಿಯವ್ರು ಕೇಳಿ ಬೇಡ ಅಂದ್ರು, ಟೇಪ್ ವಾಪಸ್ ಕೊಟ್ಟು ಕಳಿಸಿದ್ರು, 2001ರ ಸೆಪ್ಟೆಂಬರಲ್ಲಿ ಬ್ಯಾಂಡ್ ಪೂರ್ತಿ ಆಲ್ಬಮ್ಮನ್ನ ತಮ್ಮ ವೆಬ್‌ಸೈಟಲ್ಲಿ ಪುಕ್ಕಟೆ ಕೇಳೋಕ್ಕೆ ಇಟ್ರು, ಅಂಗಡಿಗೇ ಬಾರದ ಹಾಡನ್ನ ಜನ ಶೋನಲ್ಲಿ ಜೊತೆಗೆ ಹಾಡೋಕ್ಕೆ ಶುರು ಮಾಡಿದ್ರು, ಕೊನೆಗೆ 2002ರ ಏಪ್ರಿಲಲ್ಲಿ ನಾನ್‌ಸಚ್ ಅನ್ನೋ ಲೇಬಲ್ ಅದನ್ನ ತಂತು, ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 13ನೇ ಜಾಗಕ್ಕೆ ಬಂತು. ತಮಾಷೆ ಏನಂದ್ರೆ ರಿಪ್ರೈಸೂ ವಾರ್ನರದ್ದೇ, ನಾನ್‌ಸಚ್ಚೂ ವಾರ್ನರದ್ದೇ, ಒಂದೇ ಮನೆಯವ್ರು ಹಿತ್ತಲ ಬಾಗಿಲಲ್ಲಿ ಎಸೆದದ್ದನ್ನ ಮುಂಬಾಗಿಲಲ್ಲಿ ದುಡ್ಡು ಕೊಟ್ಟು ತಗೊಂಡ ಹಾಗೆ.

ಆದ್ರೆ ಅಷ್ಟೊತ್ತಿಗೆ ಬೆನೆಟ್ ಬ್ಯಾಂಡಲ್ಲಿ ಇರ್ಲಿಲ್ಲ. ಆ ಆಲ್ಬಂ ತಯಾರಾಗ್ತಿದ್ದಾಗ ಸ್ಯಾಮ್ ಜೋನ್ಸ್ ತೆಗೆದ ಡಾಕ್ಯುಮೆಂಟರಿ ನೋಡಿದವ್ರಿಗೆಲ್ಲ ಅವನು ಸುಮ್ನೆ ವಾದ ಮಾಡೋ ಕಿರಿಕಿರಿ ಮನುಷ್ಯನ ಥರ ಕಾಣ್ತಾನೆ, ನನಗೂ ಮೊದಲ ಸಲ ಹಾಗೇ ಅನ್ಸಿತ್ತು, ಈಗ 'ಸಮ್ಮರ್‌ಟೀತ್' ಕೇಳಿದಾಗೆಲ್ಲ ಅದು ಅನ್ಯಾಯ ಅನ್ಸುತ್ತೆ. 2009ರಲ್ಲಿ ಅವನು ತೀರ್ಕೊಂಡ.

ಈಗ ನಿಮ್ಮ 'ಮೆತ್ತಗೆ' ವಿಷ್ಯ. 2002ರ ನಂತರ ಅಂದ್ರಲ್ಲ, 2004ರ 'ಎ ಗೋಸ್ಟ್ ಈಸ್ ಬಾರ್ನ್' ಕೇಳಿದ್ದೀರಾ ಸ್ವಾಮಿ? ಅದ್ರಲ್ಲಿ ಒಂದು ಹಾಡಿನ ಬಾಲಕ್ಕೆ ಹತ್ತು ನಿಮಿಷಕ್ಕೂ ಹೆಚ್ಚು ಬರೀ ಗುಂಯ್‌ಗುಡೋ ಸದ್ದಿದೆ, ಟ್ವೀಡಿಗೆ ಬರ್ತಿದ್ದ ಮೈಗ್ರೇನ್ ತಲೆನೋವನ್ನ ಕೇಳಿಸೋ ಪ್ರಯತ್ನ ಅದು, ನಾನು ಪೂರ್ತಿ ಕೇಳಿದ್ದು ಒಂದೇ ಸಲ. ನೋವಿನ ಮಾತ್ರೆಯ ಚಟಕ್ಕೆ ಬಿದ್ದು ಅದೇ ವರ್ಷ ಆತ ಆಸ್ಪತ್ರೆ ಸೇರಿದ, ಹುಷಾರಾಗಿ ಬಂದ. ಆಲ್ಬಮ್ಮಿಗೆ ಗ್ರ್ಯಾಮಿ ಬಂತು.

ಅದೇ 2004ರಲ್ಲಿ ಗಿಟಾರಿಸ್ಟ್ ನೆಲ್ಸ್ ಕ್ಲೈನ್ ಮತ್ತೆ ಹಲವು ವಾದ್ಯ ನುಡಿಸೋ ಪ್ಯಾಟ್ ಸ್ಯಾನ್ಸೋನ್ ಬ್ಯಾಂಡ್ ಸೇರಿದ್ರು, ಅಲ್ಲಿಂದ ಇವತ್ತಿನವರೆಗೂ ಅದೇ ಆರು ಜನ. ಯಾರನ್ನೂ ತೆಗೆದಿಲ್ಲ, ಯಾರೂ ಎದ್ದು ಹೋಗಿಲ್ಲ. ನೀವು ಮೆತ್ತಗೆ ಅಂತೀರಲ್ಲ ಅದು ಜಗಳ ನಿಂತ ಸದ್ದು. 2007ರ 'ಸ್ಕೈ ಬ್ಲೂ ಸ್ಕೈ' ಬಂದಾಗ ಡ್ಯಾಡ್ ರಾಕ್, ಅಂದ್ರೆ ಅಪ್ಪಂದಿರ ಮ್ಯೂಸಿಕ್ ಅಂತ ಗೇಲಿ ಮಾಡಿದ್ರು, ಅದರ ಹಾಡುಗಳನ್ನ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿಗೆ ಕೊಟ್ಟಿದ್ದಕ್ಕೆ ಇನ್ನೂ ಬೈದ್ರು, ಆ ಬೈಗುಳದಲ್ಲಿ 'ಇಂಪಾಸಿಬಲ್ ಜರ್ಮನಿ' ಹಾಡಿನಲ್ಲಿ ಕ್ಲೈನ್ ನುಡಿಸಿದ ಗಿಟಾರನ್ನ ಯಾರೂ ಸರಿಯಾಗಿ ಕೇಳ್ಲೇ ಇಲ್ಲ. ಮೆತ್ತಗೆ ಶುರುವಾಗುತ್ತೆ ನಿಜ, ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಕೇಳಿ ನೋಡಿ. 2009ರ ಆಲ್ಬಮ್ ಬಗ್ಗೆ ಮಾತ್ರ ನಿಮ್ಮ ಮಾತು ಒಪ್ತೀನಿ, ಅದು ನನಗೂ ಸಪ್ಪೆ.

ಇನ್ನುಳಿದದ್ದು ಬೇಗ ಹೇಳ್ತೀನಿ. 2015ರಲ್ಲಿ ಯಾರಿಗೂ ಹೇಳದೆ ಕೇಳದೆ 'ಸ್ಟಾರ್ ವಾರ್ಸ್' ಅಂತ ಒಂದು ಆಲ್ಬಂ ಪುಕ್ಕಟೆ ಹಾಕಿದ್ರು, ಮುಖಪುಟದಲ್ಲಿ ಬೆಕ್ಕು. 2022ರಲ್ಲಿ 21 ಹಾಡಿನ 'ಕ್ರೂಯೆಲ್ ಕಂಟ್ರಿ', ಷಿಕಾಗೋದ ತಮ್ಮ ಲಾಫ್ಟ್ ಸ್ಟುಡಿಯೋದಲ್ಲಿ ಬಹುಪಾಲು ಎಲ್ಲರೂ ಒಟ್ಟಿಗೆ ಕೂತು ನುಡಿಸಿ ರೆಕಾರ್ಡ್ ಮಾಡಿದ್ದು, ಯಾವ ಕಂಟ್ರಿ ಬಿಟ್ಟು ಓಡಿದ್ರೋ ಅದಕ್ಕೇ ವಾಪಸ್. ಮರುವರ್ಷ ವೇಲ್ಸಿನ ಕೇಟ್ ಲೆ ಬಾನ್‌ನ ಪ್ರೊಡ್ಯೂಸರ್ ಮಾಡ್ಕೊಂಡು 'ಕಸಿನ್', ಅಂದ್ರೆ ರೂಮಿಗೆ ಮತ್ತೆ ಹೊಸಬರು ಬಂದ್ರು, ಸೌಂಡೂ ತಕ್ಷಣ ಓರೆಯಾಯ್ತು, ನೀವು ಶುರು ಮಾಡೋದಾದ್ರೆ ಅಲ್ಲಿಂದ ಮಾಡಿ.

ಟಾಪ್ ಟೆನ್ ಪಟ್ಟಿ ಕೇಳಿದ್ದೀರಿ, ಕೊಡಲ್ಲ. ಇನ್ನು ನಮ್ಮ ಲೇಖನದಲ್ಲಿ ಬೆನೆಟ್ ಫೋಟೋ ಕೆಳಗೆ 'ಡ್ರಮ್ಮರ್' ಅಂತ ಅಚ್ಚಾಗಿದ್ದನ್ನ ನೀವೊಬ್ರೇ ಹಿಡಿದಿದ್ದು, ತಪ್ಪು ನಂದೇ, ಕೊನೇ ಪ್ರೂಫ್ ನೋಡಿದ್ದು ನಾನು.